ರಾತ್ರಿ ಕರೆಂಟ್ ಅಗ್ಗವಾ? ಮನೆಯೆಲ್ಲ ಕರೆಂಟ್ ಮೇಲೆ ನಡೆಸುವವರು ಮೊದಲು ನೋಡಬೇಕಾದ್ದು 200ರ ಗೆರೆ

ಹೊಸಪೇಟೆ: ಅಡುಗೆಗೆ ಇಂಡಕ್ಷನ್ ಒಲೆ, ಸ್ನಾನಕ್ಕೆ ಗೀಸರ್, ಬೇಸಿಗೆಗೆ ಎಸಿ, ಓಡಾಡೋಕೆ ಕರೆಂಟ್ ಸ್ಕೂಟರ್. ಗ್ಯಾಸ್ ಸಿಲಿಂಡರ್ ಮತ್ತು ಪೆಟ್ರೋಲ್ ದರ ನೋಡಿ ಮನೆಯನ್ನು ಪೂರ್ತಿ ಕರೆಂಟ್‌ಗೆ ಬದಲಾಯಿಸುವವರು ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯೂ ಇದ್ದಾರೆ. ಅವರಲ್ಲಿ ಅನೇಕರ ತಲೆಯಲ್ಲಿ ಒಂದು ಮಾತು ಕೂತಿದೆ: 'ರಾತ್ರಿ ಹತ್ತರ ಮೇಲೆ ಕರೆಂಟ್ ಅಗ್ಗ, ಆಗ ಹಾಕ್ಕೊಂಡ್ರೆ ಬಿಲ್ ಕಡಿಮೆ ಬರುತ್ತೆ.' ಇದು ನಿಜವೇ? ಕಾರ್ಖಾನೆಗಳ ಮಟ್ಟಿಗೆ ನಿಜ. ಮನೆಯ ಮಟ್ಟಿಗೆ ಲೆಕ್ಕ ಬೇರೆಯೇ ಇದೆ.

ಮನೆಗೆ ಇರೋದು ಒಂದೇ ದರ

ವಿಜಯನಗರ ಮತ್ತು ಬಳ್ಳಾರಿ ಎರಡೂ ಜಿಲ್ಲೆಗೆ ಕರೆಂಟ್ ಕೊಡೋದು ಜೆಸ್ಕಾಂ. ದರ ನಿಗದಿ ಮಾಡೋದು ಮಾತ್ರ ಜೆಸ್ಕಾಂ ಅಲ್ಲ, ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ). ಆಯೋಗ 2025ರ ಮಾರ್ಚ್ 27ರಂದು ಹೊರಡಿಸಿದ ಆದೇಶದಲ್ಲಿ 2025-26ಕ್ಕೆ ಮನೆ ಬಳಕೆಯ ದರ ಯೂನಿಟ್‌ಗೆ 5.80 ರೂ. ಬೆಳಗ್ಗೆ ಉರಿಸಿದರೂ ಅಷ್ಟೇ, ನಡುರಾತ್ರಿ ಉರಿಸಿದರೂ ಅಷ್ಟೇ.

ಇದರ ಜತೆಗೆ ನಿಗದಿತ ಶುಲ್ಕ ಪ್ರತಿ ಕಿಲೋವ್ಯಾಟ್‌ಗೆ 145 ರೂ., ಪಿಂಚಣಿ-ಗ್ರಾಚ್ಯುಟಿ ಸರ್‌ಚಾರ್ಜ್ ಯೂನಿಟ್‌ಗೆ 36 ಪೈಸೆ, ಬಳಸಿದ ಕರೆಂಟ್ ಮೊತ್ತದ ಮೇಲೆ ಶೇ.9 ತೆರಿಗೆ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುತ್ತೆ. ನಿಗದಿತ ಶುಲ್ಕ ಬಿಟ್ಟು ಲೆಕ್ಕ ಹಾಕಿದರೆ ಒಂದು ಯೂನಿಟ್ ಸುಮಾರು 6.70 ರೂ. ಬೀಳುತ್ತೆ. ದರ ಪ್ರತಿ ಏಪ್ರಿಲ್‌ನಲ್ಲಿ ಬದಲಾಗಬಹುದು, ಹಾಗಾಗಿ ನಿಮ್ಮ ಬಿಲ್ಲಿನಲ್ಲಿ ಅಚ್ಚಾದ ದರವನ್ನೇ ಹಿಡಿದು ಲೆಕ್ಕ ಮಾಡಿ.

ಹಾಗಾದರೆ ರಾತ್ರಿ ಅಗ್ಗ ಅನ್ನೋ ಮಾತು ಎಲ್ಲಿಂದ ಬಂತು? ದೊಡ್ಡ ಕಾರ್ಖಾನೆಗಳಿಗೆ ಗಂಟೆ ನೋಡಿ ದರ ಹಾಕುವ ಪದ್ಧತಿ ರಾಜ್ಯದಲ್ಲಿ ಮೊದಲಿಂದಲೂ ಇದೆ. ಅವರಿಗೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ರಿಯಾಯಿತಿ, ಸಂಜೆ ಹೆಚ್ಚು ದರ. ಅವರ ಮೀಟರ್ ಗಂಟೆಗಂಟೆಯ ಲೆಕ್ಕ ಇಡುತ್ತೆ. ಮನೆಗಳಲ್ಲಿರುವ ಹಳೆ ಮೀಟರ್‌ಗೆ ಗಂಟೆಯ ಲೆಕ್ಕ ಗೊತ್ತಿಲ್ಲ, ಅದು ಒಟ್ಟು ಯೂನಿಟ್ ಮಾತ್ರ ತೋರಿಸುತ್ತೆ.

ಮುಂದೆ ಅಗ್ಗವಾಗೋದು ಹಗಲು, ರಾತ್ರಿ ಅಲ್ಲ

ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದಿತು. 10 ಕಿಲೋವ್ಯಾಟ್‌ಗಿಂತ ಹೆಚ್ಚು ಬೇಡಿಕೆ ಇರುವ ವಾಣಿಜ್ಯ ಮತ್ತು ಕೈಗಾರಿಕೆ ಗ್ರಾಹಕರಿಗೆ 2024ರ ಏಪ್ರಿಲ್ 1ರಿಂದ, ಕೃಷಿ ಬಿಟ್ಟು ಉಳಿದೆಲ್ಲರಿಗೆ 2025ರ ಏಪ್ರಿಲ್ 1ರಿಂದ ಗಂಟೆ ದರ ತರಬೇಕು ಅನ್ನೋದು ಆ ನಿಯಮ. ಸ್ಮಾರ್ಟ್ ಮೀಟರ್ ಕೂರಿಸಿದ ಮನೆಗೆ ಮಾತ್ರ ಇದು ಲಾಗು. ಯಾವ ಗಂಟೆಗೆ ಎಷ್ಟು ಅನ್ನೋದನ್ನು ಆಯಾ ರಾಜ್ಯದ ಆಯೋಗವೇ ನಿರ್ಧರಿಸಬೇಕು.

ಆ ನಿಯಮದಲ್ಲಿ ಬಿಸಿಲಿನ 8 ಗಂಟೆ ದರ ಮಾಮೂಲಿಗಿಂತ ಕನಿಷ್ಠ ಶೇ.20 ಕಡಿಮೆ ಇರಬೇಕು. ಬೇಡಿಕೆ ಜಾಸ್ತಿ ಇರುವ ಹೊತ್ತಲ್ಲಿ ಮನೆಗಳಿಗೆ ಕನಿಷ್ಠ ಶೇ.10, ಅಂಗಡಿ-ಕಾರ್ಖಾನೆಗಳಿಗೆ ಕನಿಷ್ಠ ಶೇ.20 ಹೆಚ್ಚು ಇರಬೇಕು. ಮನೆಗೆ ರಾತ್ರಿ ರಿಯಾಯಿತಿ ಕೊಡಲೇಬೇಕು ಅನ್ನೋ ಮಾತು ಅಲ್ಲಿಲ್ಲ.

ಕಾರಣ ಸರಳ. ಹಿಂದೆ ರಾತ್ರಿ ಜನ ಮಲಗಿದ ಮೇಲೆ ಕಲ್ಲಿದ್ದಲು ಸ್ಥಾವರಗಳ ಕರೆಂಟ್ ಕೊಳ್ಳೋರು ಕಡಿಮೆ ಇದ್ದರು, ಅದಕ್ಕೆ ರಾತ್ರಿ ಅಗ್ಗ. ನಮ್ಮ ಪಕ್ಕದ ಕುಡತಿನಿಯ 1,700 ಮೆಗಾವ್ಯಾಟ್ ಸ್ಥಾವರ ಅಂಥದ್ದೇ, ಅದನ್ನು ಗಳಿಗೆಗೊಮ್ಮೆ ಆರಿಸಿ ಹಚ್ಚೋಕೆ ಆಗಲ್ಲ. ಈಗ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್‌ನಂಥವು ಮಧ್ಯಾಹ್ನ ಬೇಕಾದಷ್ಟು ಕರೆಂಟ್ ಕೊಡ್ತಾವೆ. ಹೊತ್ತು ಮುಳುಗಿದ ಕೂಡಲೆ ಅದು ನಿಲ್ಲುತ್ತೆ, ಅದೇ ಹೊತ್ತಿಗೆ ಎಲ್ಲರ ಮನೆಯಲ್ಲೂ ದೀಪ, ಟಿವಿ, ಒಲೆ ಶುರುವಾಗುತ್ತೆ. ಆಗ ಕಲ್ಲಿದ್ದಲು, ಜಲವಿದ್ಯುತ್, ಹೊರಗಿನ ಖರೀದಿ ಎಲ್ಲ ಬೇಕು. ಹಾಗಾಗಿ ಸಂಜೆ ದುಬಾರಿ.

ಪಕ್ಕದ ಮಹಾರಾಷ್ಟ್ರದಲ್ಲಿ ಇದು ಶುರುವಾಗಿದೆ. ಸ್ಮಾರ್ಟ್ ಮೀಟರ್ ಇರುವ ಮನೆಗಳಿಗೆ 2025ರ ಜುಲೈ 1ರಿಂದ ಬೆಳಗ್ಗೆ 9ರಿಂದ ಸಂಜೆ 5ರವರೆಗಿನ ಬಳಕೆಗೆ ಯೂನಿಟ್‌ಗೆ 80 ಪೈಸೆ ರಿಯಾಯಿತಿ ಸಿಗುತ್ತಿದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆ ನೆಂಟರಿದ್ದರೆ ಅವರ ಬಿಲ್ ಕೇಳಿ ನೋಡಬಹುದು.

ಉಳಿತಾಯ ಎಷ್ಟು?

ಕೇಂದ್ರ ಹೇಳಿದ ಕನಿಷ್ಠ ಲೆಕ್ಕವನ್ನೇ 5.80 ರೂ.ಗೆ ಹಾಕಿದರೆ ಬಿಸಿಲಿನ ಹೊತ್ತಿನ ದರ 4.64 ರೂ., ಸಂಜೆ ದರ 6.38 ರೂ. ಆಗುತ್ತೆ. ವ್ಯತ್ಯಾಸ 1.74 ರೂ. ತಿಂಗಳಿಗೆ 100 ಯೂನಿಟ್ ಕೆಲಸವನ್ನು ಸಂಜೆಯಿಂದ ಮಧ್ಯಾಹ್ನಕ್ಕೆ ತಂದರೆ 174 ರೂ. ಉಳಿತಾಯ, ತೆರಿಗೆ ಸೇರಿದರೆ 190 ರೂ. ಆಸುಪಾಸು. ಇದನ್ನು ನೆನಪಲ್ಲಿಟ್ಟುಕೊಂಡು ಮುಂದಿನ ಲೆಕ್ಕ ನೋಡಿ.

ದೊಡ್ಡ ಹೊಡೆತ 200 ಯೂನಿಟ್ ದಾಟಿದಾಗ

ಗೃಹಜ್ಯೋತಿ ಯೋಜನೆ 2023ರ ಜುಲೈನಿಂದ ಜಾರಿಯಲ್ಲಿದೆ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ.10 ಸೇರಿಸಿ ಉಚಿತ ಮಿತಿ ಕೊಟ್ಟಿದ್ದಾರೆ. ಮಿತಿ ದಾಟಿ 200ರ ಒಳಗಿದ್ದರೆ ದಾಟಿದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ.

ಒಂದು ಮನೆ ಅಂದುಕೊಳ್ಳಿ. ಮಂಜೂರಾದ ಲೋಡ್ 3 ಕಿಲೋವ್ಯಾಟ್, ಹಳೆ ಸರಾಸರಿ 160, ಅಂದ್ರೆ ಉಚಿತ ಮಿತಿ 176 ಯೂನಿಟ್.

190 ಯೂನಿಟ್ ಬಳಸಿದರೆ: 14 ಯೂನಿಟ್ ದುಡ್ಡು, ನೂರು ರೂಪಾಯಿ ಒಳಗೆ.

201 ಯೂನಿಟ್ ಬಳಸಿದರೆ: ಪೂರ್ತಿ ಬಿಲ್, ಸುಮಾರು 1,780 ರೂ.

300 ಯೂನಿಟ್ ಬಳಸಿದರೆ: ಸುಮಾರು 2,440 ರೂ.

(ಇಂಧನ ಹೊಂದಾಣಿಕೆ ಶುಲ್ಕ ಇದರಲ್ಲಿ ಸೇರಿಲ್ಲ.)

ಅಂದ್ರೆ ಗಂಟೆ ದರ ಬಂದು, ಮನೆಮಂದಿ ಶಿಸ್ತಾಗಿ ಮಧ್ಯಾಹ್ನವೇ ಕೆಲಸ ಮುಗಿಸಿದರೂ ಉಳಿಯೋದು ಇನ್ನೂರರ ಒಳಗೆ. 200ರ ಗೆರೆ ತುಸು ದಾಟಿದರೆ ಹೋಗೋದು ಸಾವಿರದ ಏಳುನೂರರ ಮೇಲೆ. ಮನೆಯವರು ಮೊದಲು ಕಣ್ಣಿಡಬೇಕಾದ್ದು ಗಡಿಯಾರದ ಮೇಲಲ್ಲ, ಈ ಗೆರೆಯ ಮೇಲೆ.

ಎಲ್ಲ ಕರೆಂಟ್ ಆದರೆ ಎಷ್ಟು ಯೂನಿಟ್?

ನಾಲ್ಕು ಜನರ ಮನೆಗೆ ಅಂದಾಜು ಹೀಗೆ. ಫ್ಯಾನ್, ಫ್ರಿಜ್, ದೀಪ, ಟಿವಿ, ನೀರಿನ ಮೋಟಾರ್ ಸೇರಿ 100 ಯೂನಿಟ್. ಗೀಸರ್‌ಗೆ 60ರಿಂದ 70. ಅದರಲ್ಲಿ 15 ಲೀಟರ್ ನೀರು ಒಮ್ಮೆ ಕಾಯೋಕೆ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ಬೇಕು. 14.2 ಕೆಜಿ ಸಿಲಿಂಡರ್‌ನಷ್ಟು ಅಡುಗೆಯನ್ನು ಇಂಡಕ್ಷನ್ ಮೇಲೆ ಮಾಡಿದರೆ 120ರಿಂದ 130 ಯೂನಿಟ್ ಆಗುತ್ತೆ. ಸಿಲಿಂಡರ್ ಒಂದೂವರೆ ತಿಂಗಳು ಬರುವ ಮನೆಗೆ ತಿಂಗಳಿಗೆ 85 ಯೂನಿಟ್. ಸ್ಕೂಟರ್‌ಗೆ 50. ಒಟ್ಟು 300. ಎಸಿ ರಾತ್ರಿ ಆರು ಗಂಟೆ ಓಡಿದರೆ ಇನ್ನೂ 150-180 ಸೇರಿಸಿ.

ಇದರಲ್ಲಿ ಯಾವುದು ಲಾಭ, ಯಾವುದು ನಷ್ಟ?

ಸ್ಕೂಟರ್: ಒಂದು ಯೂನಿಟ್‌ಗೆ 25ರಿಂದ 30 ಕಿ.ಮೀ. ಓಡುತ್ತೆ. ನೂರು ದಾಟಿದ ಪೆಟ್ರೋಲ್ ಮುಂದೆ ಇದು ಪೂರ್ತಿ ಬಿಲ್ ಕಟ್ಟಿದರೂ ಲಾಭವೇ.

ಇಂಡಕ್ಷನ್: ಒಂದು ಸಿಲಿಂಡರ್‌ನ ಅಡುಗೆಗೆ 125 ಯೂನಿಟ್ ಹಿಡಿದರೆ ಸುಮಾರು 835 ರೂ. ಸಿಲಿಂಡರ್ ರಸೀದಿ ಪಕ್ಕ ಇಟ್ಟು ನೋಡಿ, ವ್ಯತ್ಯಾಸ ಅಂಥಾದ್ದೇನಿಲ್ಲ. ಇದರಿಂದಲೇ 200 ದಾಟೋದಾದರೆ ನಷ್ಟ. ರೊಟ್ಟಿ, ದೊಡ್ಡ ಅಡುಗೆ ಗ್ಯಾಸ್ ಮೇಲೆ, ಹಾಲು-ಚಹಾ-ಅನ್ನ ಇಂಡಕ್ಷನ್ ಮೇಲೆ ಮಾಡಿದರೆ ಗೆರೆ ಒಳಗೆ ಇರಬಹುದು.

ಗೀಸರ್: ನಮ್ಮೂರ ಬಿಸಿಲಿಗೆ ಚಾವಣಿ ಮೇಲೆ ಸೋಲಾರ್ ವಾಟರ್ ಹೀಟರ್ ಇದ್ದರೆ ಈ 60-70 ಯೂನಿಟ್‌ನಲ್ಲಿ ಬಹುಪಾಲು ತಪ್ಪುತ್ತೆ.

ಎಸಿ: ಏಪ್ರಿಲ್, ಮೇ ತಿಂಗಳಲ್ಲಿ ಎಸಿ ಹಾಕಿದ ಮೇಲೆ 200 ದಾಟೋದು ಖಚಿತ. ಆ ಎರಡು ತಿಂಗಳು ಗೆರೆ ಹೇಗೂ ಹೋಯ್ತು ಅಂತ ಲೆಕ್ಕ ಹಾಕಿ, ಉಳಿದ ಹತ್ತು ತಿಂಗಳು ಒಳಗಿರೋದು ಜಾಣತನ.

ಕಿಲೋವ್ಯಾಟ್ ಮರೆಯಬೇಡಿ

ಗೀಸರ್ 2, ಇಂಡಕ್ಷನ್ 2, ಎಸಿ 1.5 ಕಿಲೋವ್ಯಾಟ್. ಮೂರೂ ಒಟ್ಟಿಗೆ ಹಾಕಿದರೆ 5.5. ಲೋಡ್ ಒಂದು ಕಿಲೋವ್ಯಾಟ್ ಹೆಚ್ಚಿಸಿಕೊಂಡರೆ ವರ್ಷಕ್ಕೆ 1,740 ರೂ. ನಿಗದಿತ ಶುಲ್ಕ ಜಾಸ್ತಿ. ಸ್ಮಾರ್ಟ್ ಮೀಟರ್ ಬಂದ ಮೇಲೆ ಅದು ಅತಿ ಹೆಚ್ಚಿನ ಬೇಡಿಕೆಯನ್ನೂ ದಾಖಲು ಮಾಡುತ್ತೆ. ಕೇಂದ್ರ ನಿಯಮದಂತೆ ಒಂದು ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಸಲ ಮಂಜೂರಾದ ಲೋಡ್ ಮೀರಿದರೆ ಲೋಡ್ ಏರಿಸಬಹುದು. ಗೀಸರ್ ಆಫ್ ಮಾಡಿ ಒಲೆ ಹಚ್ಚೋ ಅಭ್ಯಾಸ ಈಗಿಂದಲೇ ಒಳ್ಳೆಯದು.

ಅಂಗಡಿಯವರಿಗೆ, ಲಾಡ್ಜ್‌ನವರಿಗೆ

ಅಂಗಡಿಗೆ ಗೃಹಜ್ಯೋತಿ ಇಲ್ಲ, ಹಾಗಾಗಿ 200ರ ಗೆರೆಯೂ ಇಲ್ಲ. 2025-26ರಲ್ಲಿ ವಾಣಿಜ್ಯ ದರ ಯೂನಿಟ್‌ಗೆ 7 ರೂ. ಗಂಟೆ ದರದಿಂದ ನಿಜವಾದ ಲಾಭ ಸಿಗೋದು ಇವರಿಗೆ, ಕೆಲಸ ನಡೆಯೋದೇ ಹಗಲಲ್ಲಿ. ಹಂಪಿ, ಕಮಲಾಪುರದ ಲಾಡ್ಜ್‌ಗಳು ನೀರು ಕಾಯಿಸೋದು, ಬಟ್ಟೆ ಒಗೆಯೋದು, ಜ್ಯೂಸ್ ಅಂಗಡಿಗಳು ಐಸ್ ಮಾಡೋದು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬಹುದು. ತೋರಣಗಲ್ಲಿನಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲು ಮನೆಯಲ್ಲಿರುವ ಕುಟುಂಬಗಳಿಗೂ ಹಗಲು ದರ ಹೊಂದುತ್ತೆ. ಕಂಪ್ಲಿಯ ಪಂಪ್‌ಸೆಟ್ ರೈತರಿಗೆ ಈ ನಿಯಮ ಅನ್ವಯಿಸಲ್ಲ, 10 ಎಚ್‌ಪಿವರೆಗೆ ಉಚಿತವೇ ಇದೆ.

ಮೇಲೆ ಮನೆ, ಕೆಳಗೆ ಅಂಗಡಿ ಇರುವವರು ಒಂದು ಎಚ್ಚರ ವಹಿಸಬೇಕು. ಮನೆ ಮೀಟರ್‌ನಿಂದ ಅಂಗಡಿಗೆ ವೈರ್ ಎಳೆದರೆ ವಿದ್ಯುತ್ ಕಾಯ್ದೆ 2003ರ ಸೆಕ್ಷನ್ 126ರ ಪ್ರಕಾರ ಅನಧಿಕೃತ ಬಳಕೆ. ಅದಕ್ಕೆ ಎರಡು ಪಟ್ಟು ದರದಲ್ಲಿ ವಸೂಲಿ ಆಗುತ್ತೆ.

ಈಗ ಏನು ಮಾಡಬೇಕು?

1. ಕಳೆದ 12 ತಿಂಗಳ ಬಿಲ್ ತೆಗೆದು ಯಾವ ತಿಂಗಳು ಎಷ್ಟು ಯೂನಿಟ್ ಅಂತ ಬರೆದುಕೊಳ್ಳಿ. ಗೃಹಜ್ಯೋತಿ ಮಿತಿ, ಮಂಜೂರಾದ ಲೋಡ್ ಎರಡೂ ಬಿಲ್ಲಿನಲ್ಲೇ ಇರುತ್ತೆ.

2. ರೀಡಿಂಗ್ ಆದ ದಿನದಿಂದ 20ನೇ ದಿನಕ್ಕೆ ಮೀಟರ್ ನೀವೇ ನೋಡಿ. 130 ದಾಟಿದ್ದರೆ ಉಳಿದ ದಿನ ಕೈ ಹಿಡಿಯಿರಿ.

3. ಬಿಲ್ಲಿನಲ್ಲಿ ಯೂನಿಟ್ ಒಂದೇ ಸಾಲಲ್ಲಿದ್ದರೆ ನಿಮಗೆ ಗಂಟೆ ದರ ಇಲ್ಲ. ಹೊತ್ತಿನ ಪ್ರಕಾರ ಬೇರೆ ಬೇರೆ ಸಾಲು ಬಂದರೆ ಮಾತ್ರ ಗಡಿಯಾರ ನೋಡಿ.

4. ಹೊಸದಾಗಿ ಗೀಸರ್ ಕೊಳ್ಳೋರು ನೀರು ಶೇಖರಿಸುವ, ಬಿಸಿ ಹಿಡಿದಿಡುವ ಟ್ಯಾಂಕ್ ಇರೋದನ್ನು ನೋಡಿ. ನಾಳೆ ಹಗಲು ದರ ಬಂದರೂ ಅದು ಕೆಲಸಕ್ಕೆ ಬರುತ್ತೆ.

5. 300 ಯೂನಿಟ್ ತಪ್ಪದ ಮನೆಯವರು ಚಾವಣಿ ಸೋಲಾರ್ ಲೆಕ್ಕ ಹಾಕಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟ್‌ಗೆ 30,000 ರೂ., 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟು ಒಟ್ಟು 78,000 ರೂ. ಸಬ್ಸಿಡಿ ಇದೆ.

ಬಿಲ್ಲಿನಲ್ಲಿ ಅನುಮಾನ ಬಂದರೆ ಆರ್‌ಆರ್ ನಂಬರ್ ಕೈಯಲ್ಲಿಟ್ಟುಕೊಂಡು ಸಹಾಯವಾಣಿ 1912ಕ್ಕೆ ಕರೆ ಮಾಡಿ, ಇಲ್ಲವೇ ನಿಮ್ಮ ಉಪವಿಭಾಗದ ಜೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ.