ಒಂದು ಪಾಠ, ಹಲವು ಊರು: ಮಲ್ಟಿಕಾಸ್ಟ್ ಮಾರ್ಗರಚನೆ ಮತ್ತು ಅದರ ಪರೀಕ್ಷೆ

ಒಬ್ಬ ಅಧ್ಯಾಪಕನ ಪಾಠವನ್ನು ಏಕಕಾಲಕ್ಕೆ ಹಲವು ಊರುಗಳಿಗೆ ಮುಟ್ಟಿಸುವ ಪ್ರಯತ್ನವು ನಮ್ಮ ನಾಡಿಗೆ ಹೊಸದಲ್ಲ. 2004ರ ಸೆಪ್ಟೆಂಬರ್ 20ರಂದು ಉಡಾವಣೆಗೊಂಡ ಎಡುಸ್ಯಾಟ್ ಉಪಗ್ರಹದ ಮೂಲಕ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ ಕಾಲೇಜುಗಳಿಗೆ ಪಾಠಗಳನ್ನು ಪ್ರಸಾರ ಮಾಡಿತು. ಆಕಾಶದಿಂದ ಇಳಿಯುವ ಸಂಕೇತವು ತಾನಾಗಿಯೇ ಎಲ್ಲೆಡೆ ಹರಡುತ್ತದೆ. ನೆಲದ ತಂತಿಯಲ್ಲಾದರೋ ಅದನ್ನು ಯಾವ ದಿಕ್ಕಿಗೆ ಕಳಿಸಬೇಕೆಂಬದನ್ನು ಪ್ರತಿಯೊಂದು ಕವಲಿನಲ್ಲಿಯೂ ಸ್ವಿಚ್ಚೆಂಬ ಯಂತ್ರವು ನಿರ್ಣಯಿಸಬೇಕು. ಈ ನಿರ್ಣಯದ ಕ್ರಮಕ್ಕೆ ಮಲ್ಟಿಕಾಸ್ಟ್ ಮಾರ್ಗರಚನೆಯೆಂದು ಹೆಸರು. ಇದರ ಮೂಲನಿಯಮಗಳನ್ನು ಸ್ಟೀವ್ ಡೀರಿಂಗ್ ಎಂಬ ವಿದ್ವಾಂಸರು 1989ರಲ್ಲಿ ಪ್ರಕಟಿಸಿದರು.

ಜಮಖಂಡಿಯಿಂದ ಹೊರಟ ಒಂದು ಪಾಠವನ್ನು ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ತಲಾ 30 ಗಣಕಯಂತ್ರಗಳು ಪಡೆಯಬೇಕಾಗಿದೆಯೆಂದು ಭಾವಿಸೋಣ. ಪ್ರತ್ಯೇಕವಾಗಿ ಕಳಿಸಿದರೆ ಮೂಲದಿಂದ 90 ಪ್ರತಿಗಳು ಹೊರಡಬೇಕು. ಮಲ್ಟಿಕಾಸ್ಟಿನಲ್ಲಿ ಹೊರಡುವದು ಒಂದೇ ಪ್ರತಿ; ದಾರಿಯು ಕವಲೊಡೆದಲ್ಲಿ ಮಾತ್ರ ಅದರ ನಕಲಾಗುತ್ತದೆ. ಘಟಪ್ರಭಾ ಎಡದಂಡೆಯ ಕಾಲುವೆಯನ್ನು ಬಲ್ಲ ವಾಚಕರಿಗೆ ಈ ಕವಲುಗಳ ಕಲ್ಪನೆ ಸುಲಭ. ಆದರೆ ಭೇದಗಳೆರಡುಂಟು. ಕವಲೊಡೆದಂತೆ ನೀರು ಕಡಿಮೆಯಾಗುತ್ತದೆ, ಪಾಠವು ಕಡಿಮೆಯಾಗದು. ಮೇಲಾಗಿ ಇಲ್ಲಿ ತೂಬು ತೆರೆಯುವದು ಕೊನೆಯವನ ಬೇಡಿಕೆಯಿಂದ. ಬೇಡಿಕೆಯು ಕೊನೆಯಿಂದ ಮೂಲದತ್ತ ಏರುತ್ತದೆ, ಪಾಠವು ಆ ದಾರಿಯನ್ನು ಹಿಡಿದು ಇಳಿಯುತ್ತದೆ.

ಜೋಡಣೆಯ ಕ್ರಮ ಹೀಗಿದೆ. ಪಾಠಕ್ಕೆ 224.0.0.0ದಿಂದ 239.255.255.255ರ ವರೆಗಿನ ವಿಳಾಸಗಳಲ್ಲಿ ಯೋಗ್ಯವಾದ ಒಂದನ್ನು ಗುಂಪಿನ ವಿಳಾಸವಾಗಿ ಗೊತ್ತುಪಡಿಸಬೇಕು. ವರ್ಗದ ಗಣಕಯಂತ್ರವು ಆ ಗುಂಪಿಗೆ ಸೇರುವ ಇಚ್ಛೆಯನ್ನು ಐಜಿಎಂಪಿ ಎಂಬ ನಿಯಮದಂತೆ ತಿಳಿಸುತ್ತದೆ. ಮಾರ್ಗದ ಸ್ವಿಚ್ಚುಗಳಲ್ಲಿ ಮಲ್ಟಿಕಾಸ್ಟ್ ರೌಟಿಂಗನ್ನು ಚಾಲನೆಗೊಳಿಸಿ, ಸಂಬಂಧಿಸಿದ ಎಲ್ಲ ಇಂಟರ್‌ಫೇಸುಗಳಲ್ಲಿಯೂ ಪಿಐಎಂ ನಿಯಮವನ್ನು ಅಳವಡಿಸಬೇಕು. ಬೇಡಿಕೆಯೂ ಪಾಠವೂ ಮೊದಲು ಸಂಧಿಸುವ ಸಂಗಮಸ್ಥಾನದ ವಿಳಾಸವು ಎಲ್ಲ ಸ್ವಿಚ್ಚುಗಳಲ್ಲಿಯೂ ಒಂದೇ ಆಗಿರಬೇಕು.

ಪರೀಕ್ಷೆಯು ಇದಕ್ಕಿಂತ ಸೂಕ್ಷ್ಮವಾದುದು. ಈ ಪದ್ಧತಿಯಲ್ಲಿ ಪಾಠವು ಮುಟ್ಟಿತೆಂಬ ಸ್ವೀಕೃತಿಯು ಮೂಲಕ್ಕೆ ಮರಳಿ ಬರುವದಿಲ್ಲ. ಆದುದರಿಂದ ಪರೀಕ್ಷೆಯನ್ನು ಕೊನೆಯಿಂದಲೇ ಆರಂಭಿಸತಕ್ಕದ್ದು. ಬೀಳಗಿಯ ಸ್ವಿಚ್ಚಿನ ಸದಸ್ಯರ ಪಟ್ಟಿಯಲ್ಲಿ ಗುಂಪು ದಾಖಲಾಗಿದೆಯೇ? ಪಿಐಎಂ ನೆರೆಯವರು ಪರಸ್ಪರ ಗುರುತಿಸಿರುವರೇ? ಪಾಠವು ಒಳಬರುವ ಇಂಟರ್‌ಫೇಸು, ಸಾಮಾನ್ಯ ಮಾರ್ಗಪಟ್ಟಿಯ ಪ್ರಕಾರ ಮೂಲದ ಅಥವಾ ಸಂಗಮಸ್ಥಾನದ ಕಡೆಗೆ ಇರುವದೇ ಆಗಿದೆಯೇ? ಅಲ್ಲವಾದರೆ ಸ್ವಿಚ್ಚು ಅದನ್ನು ತ್ಯಜಿಸುತ್ತದೆ. ಕಡೆಗೆ, ಸಾಗಿದ ಪ್ಯಾಕೆಟ್ಟುಗಳ ಎಣಿಕೆ ಏರುತ್ತಿದೆಯೇ?

ಕಾಲದ ಪರೀಕ್ಷೆಯೂ ಅವಶ್ಯಕ. ಸದಸ್ಯರಿರುವ ಕಡೆಗೆ ಮಾತ್ರ ಪಾಠವನ್ನು ಬಿಡುವ ಐಜಿಎಂಪಿ ಸ್ನೂಪಿಂಗ್ ವ್ಯವಸ್ಥೆಯಿದ್ದಲ್ಲಿ, ಸದಸ್ಯರು ಇರುವರೇ ಎಂದು ವಿಚಾರಿಸುವ ಕ್ವೆರಿಯರ್ ಇರಲೇಬೇಕು. ಸಾಮಾನ್ಯವಾಗಿ ಅದು 125 ಸೆಕೆಂಡುಗಳಿಗೊಮ್ಮೆ ವಿಚಾರಿಸುತ್ತದೆ. ಅದಿಲ್ಲವಾದರೆ ಸುಮಾರು 260 ಸೆಕೆಂಡುಗಳಲ್ಲಿ ಸದಸ್ಯತ್ವವು ಅಳಿದು, ಚೆನ್ನಾಗಿ ಆರಂಭವಾದ ಪಾಠವು ನಿಂತುಹೋಗುತ್ತದೆ. ಎರಡು ನಿಮಿಷ ನೋಡಿ ತೃಪ್ತಿಪಟ್ಟ ಪರೀಕ್ಷಕನಿಗೆ ಈ ದೋಷ ಕಾಣದು.

ರಾಜಾಜ್ಞೆಯ ಪ್ರತಿಯು ದಫ್ತರದಲ್ಲಿ ದೊರೆತ ಮಾತ್ರಕ್ಕೆ ಅದು ಹಳ್ಳಿಗೆ ಮುಟ್ಟಿತೆಂದು ಇತಿಹಾಸಕಾರನು ನಂಬುವದಿಲ್ಲ. ಪಾಠವು ಹೊರಟುದಕ್ಕೆ ಜಮಖಂಡಿಯ ಯಂತ್ರವು ಸಾಕ್ಷಿಯಾದೀತು. ಮುಟ್ಟಿದ್ದಕ್ಕೆ ಬೀಳಗಿಯ ವರ್ಗದಲ್ಲಿಯೇ ಸಾಕ್ಷಿಯನ್ನು ಹುಡುಕಬೇಕು. ಇಲ್ಲವಾದರೆ ಕಾಲುವೆಯ ಕೊನೆಯ ಹೊಲದಂತೆ ದೂರದ ವಿದ್ಯಾರ್ಥಿಯು ವಂಚಿತನಾಗುವನು.