ಜೇಬಿನ ಯಂತ್ರವೂ ಕಕ್ಕಡದ ಮಳೆಯೂ

ಹುದಿಕೇರಿಯಿಂದ ಬಿರುನಾಣಿಯ ಕಡೆಗಾಗಲಿ, ಶ್ರೀಮಂಗಲವನ್ನು ಹಾದು ಕುಟ್ಟದ ಕಡೆಗಾಗಲಿ ಮಳೆಗಾಲದಲ್ಲಿ ಪ್ರಯಾಣ ಹೊರಡುವವರು ಕೊಡೆಯನ್ನು ಮರೆಯುವುದಿಲ್ಲ. ಆದರೆ ಹಣದ ವ್ಯವಹಾರ, ಟಿಕೆಟ್ಟು, ಬಂಧುಗಳ ದೂರವಾಣಿ ಸಂಖ್ಯೆ, ಮಕ್ಕಳ ಭಾವಚಿತ್ರ ಇವೆಲ್ಲವನ್ನೂ ತನ್ನೊಳಗೆ ಹೊತ್ತಿರುವ ಮೊಬೈಲನ್ನು ಮಾತ್ರ, ಅಂಗಿಯ ಜೇಬೇ ಅದಕ್ಕೆ ಸಾಕಾದ ಆಶ್ರಯವೆಂಬಂತೆ, ಯಾವ ಸಿದ್ಧತೆಯೂ ಇಲ್ಲದೆ ಒಯ್ಯುವರು. ಕಕ್ಕಡ ಮಾಸದಲ್ಲಿ ಬ್ರಹ್ಮಗಿರಿಯ ಈ ತಪ್ಪಲಿನಲ್ಲಿ ಒಗೆದ ಬಟ್ಟೆ ಒಣಗದು, ಡಬ್ಬಿಯ ಉಪ್ಪು ನೀರೊಡೆಯುವುದು, ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುವುದು. ಅಷ್ಟೊಂದು ಆರ್ದ್ರವಾದ ಗಾಳಿಯಲ್ಲಿ ಸಂಚರಿಸುವ ಸೂಕ್ಷ್ಮಯಂತ್ರಕ್ಕೆ ಯಾವ ಬಗೆಯ ಅಪಾಯ ಒದಗುವುದೆಂಬುದನ್ನು ಅರಿತವನಿಗೆ ಅದನ್ನು ಕಾಪಾಡುವುದು ಕಷ್ಟವಲ್ಲ.

ನೀರು ತಾಗಿದ ಕ್ಷಣವೇ ಮೊಬೈಲು ಕೆಟ್ಟುಹೋಗುವುದೆಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ನೀರೊಂದೇ ಮಾಡುವ ಹಾನಿ ನಿಧಾನವಾದದ್ದು. ನೀರಿಗೆ ವಿದ್ಯುತ್ತು ಜೊತೆಗೂಡಿದಾಗ ಅದು ಶೀಘ್ರವೂ ಘೋರವೂ ಆಗುವುದು. ಚಾರ್ಜರ್ ಚುಚ್ಚುವ ಟೈಪ್-ಸಿ ರಂಧ್ರದೊಳಗೆ ಬೆಳಕು ಬಿಟ್ಟು ನೋಡಿದರೆ ನಡುವೆ ಒಂದು ತೆಳುವಾದ ನಾಲಗೆಯೂ, ಅದರ ಮೇಲೆ 12, ಕೆಳಗೆ 12, ಒಟ್ಟು 24 ಲೋಹದ ಪಟ್ಟಿಗಳೂ ಇರುವುದು ಕಾಣುತ್ತದೆ. ಒಂದು ಪಟ್ಟಿಯ ನಡುವಿಗೂ ಮುಂದಿನದರ ನಡುವಿಗೂ ಅರ್ಧ ಮಿಲಿಮೀಟರಿನಷ್ಟೇ ಅಂತರ. ಶುದ್ಧವಾದ ಮಳೆನೀರು ವಿದ್ಯುತ್ತನ್ನು ಅಷ್ಟಾಗಿ ಸಾಗಿಸದು; ಆದರೆ ಜೇಬಿನ ಧೂಳೂ ಕೈಬೆವರಿನ ಲವಣವೂ ಅದರಲ್ಲಿ ಕರಗಿದಾಗ ಅದೇ ಹನಿ ಉತ್ತಮ ವಾಹಕವಾಗಿ, ಆ ಸ್ಥಿತಿಯಲ್ಲಿ ಚಾರ್ಜರನ್ನು ಸಿಕ್ಕಿಸಿದೆವೆಂದರೆ, 5 ವೋಲ್ಟಿನ ಪಟ್ಟಿಯಿಂದ ಪಕ್ಕದ ಪಟ್ಟಿಗೆ ಪ್ರವಾಹ ಹರಿಯತೊಡಗಿ, ಚಿನ್ನದ ತೆಳು ಲೇಪದ ಅಡಿಯಲ್ಲಿರುವ ತಾಮ್ರವು ಕಣಕಣವಾಗಿ ಕರಗಿ ಹಸಿರು ಕಿಲುಬಾಗಿ ಪರಿಣಮಿಸುವುದು. ಮದ್ದು ಬೇಕಿಲ್ಲದೆ ಗುಣವಾಗುತ್ತಿದ್ದ ಯಂತ್ರವನ್ನು, ಆನ್ ಆಗುವುದೋ ಇಲ್ಲವೋ ಎಂಬ ಆತುರದಲ್ಲಿ ಚಾರ್ಜಿಗೆ ಹಾಕಿ ನಾವೇ ಕೊಲ್ಲುತ್ತೇವೆ.

ಆದುದರಿಂದ ನೆನೆದ ಮೊಬೈಲನ್ನು ಮೊದಲು ಸ್ವಿಚ್ ಆಫ್ ಮಾಡಬೇಕು. ರಂಧ್ರವನ್ನು ಕೆಳಮುಖವಾಗಿಸಿ ಅಂಗೈಗೆ ಮೆಲ್ಲನೆ ತಟ್ಟಿ ಹನಿಗಳನ್ನು ಉದುರಿಸಬೇಕು. ಬಳಿಕ ಫ್ಯಾನಿನ ಗಾಳಿಗೆ ಸಾವಕಾಶವಾಗಿ ಒಣಗಲು ಬಿಡಬೇಕು. ಅಕ್ಕಿಯ ಡಬ್ಬಿಯಲ್ಲಿ ಹೂಳುವ ರೂಢಿಯನ್ನು ನಾನು ಒಪ್ಪಲಾರೆ. ಅಕ್ಕಿಯು ತೆರೆದ ಗಾಳಿಗಿಂತ ಬೇಗ ನೀರು ಹೀರದು, ಸಾಲದೆಂಬಂತೆ ಅದರ ಹುಡಿ ರಂಧ್ರದೊಳಗೆ ಸೇರಿಕೊಳ್ಳುವುದು. ಮಳೆಗಾಲದಲ್ಲಿ ಎಲ್ಲವನ್ನೂ ಒಲೆಯ ಬಿಸಿಯಲ್ಲಿ ಒಣಗಿಸಿಕೊಳ್ಳುವ ನಮ್ಮ ಮನೆಗಳಲ್ಲಿ ಮೊಬೈಲನ್ನೂ ಅಲ್ಲಿಡುವ ಮನಸ್ಸಾಗುವುದು ಸಹಜ. ಅದು ಸರ್ವಥಾ ಕೂಡದು. 1991ರಲ್ಲಿ ಸೋನಿ ಸಂಸ್ಥೆಯು ಮೊದಲು ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿಯ ಒಡಲಲ್ಲಿರುವುದು ಬೆಂಕಿ ಹತ್ತಬಲ್ಲ ದ್ರವ. ಶಾಖವು ಅದರ ಆಯುಸ್ಸನ್ನು ತಗ್ಗಿಸುವುದಲ್ಲದೆ, ಮಿತಿಮೀರಿದರೆ ಅದನ್ನು ಉಬ್ಬಿಸಿ ಉರಿಸಲೂಬಲ್ಲದು.

‘ಐಪಿ 67’ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದರೆ ನಿಶ್ಚಿಂತರಾಗಿರುವವರಿಗೆ ಒಂದು ಮಾತು. 6 ಎಂಬುದು ಧೂಳಿನಿಂದ ಪೂರ್ಣ ರಕ್ಷಣೆಯನ್ನೂ, 7 ಎಂಬುದು 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿದ ಪರೀಕ್ಷೆಯನ್ನೂ ಸೂಚಿಸುತ್ತವೆ. ಆ ಪರೀಕ್ಷೆ ನಡೆಯುವುದು ನಿಶ್ಚಲವಾದ ಸಿಹಿನೀರಿನಲ್ಲಿ, ಹೊಸ ಯಂತ್ರದ ಮೇಲೆ. ಇರ್ಪುವಿನಲ್ಲಿ ಲಕ್ಷ್ಮಣತೀರ್ಥವು ಬಂಡೆಯಿಂದ ಧುಮುಕುವಾಗ ಬೀಳುವ ರಭಸದ ಧಾರೆಯನ್ನು ತಡೆಯುವ ಭರವಸೆ 7ರಲ್ಲಿ ಅಡಗಿಲ್ಲ. ಧಾರೆಗೆ ಬೇರೆಯೇ ಪರೀಕ್ಷೆ, ಬೇರೆಯೇ ಅಂಕೆ. ಒಂದೆರಡು ಸಲ ಕೆಳಗೆ ಬಿದ್ದು ಅಂಟು ಸಡಿಲವಾದ ಮೊಬೈಲಿಗಂತೂ ಆ ಅಂಕೆಯ ಆಧಾರವೇ ಇಲ್ಲ.

ಮಳೆಯೇ ಬೀಳದಿದ್ದರೂ ನೀರು ಒಳಹೊಗುವ ಇನ್ನೊಂದು ದಾರಿಯುಂಟು. ವಿರಾಜಪೇಟೆಯಿಂದ ಮಾಕುಟ್ಟದ ಘಾಟಿಯಿಳಿದು, 2018ರ ಡಿಸೆಂಬರಿನಲ್ಲಿ ಆರಂಭವಾದ ಕಣ್ಣೂರು ವಿಮಾನನಿಲ್ದಾಣಕ್ಕೆ ಹೋಗುವವರು ಏಸಿ ಕಾರಿನಲ್ಲಿ ತಣ್ಣಗಾದ ಕ್ಯಾಮರಾವನ್ನು ಇರಿಟ್ಟಿಯ ಸೆಕೆಗೆ ತೆಗೆದೊಡನೆ ಗಾಜು ಮಂಜಾಗುವುದಷ್ಟೆ. ಗಾಳಿಯ ತೇವವು ತಣ್ಣನೆಯ ಲೆನ್ಸಿನ ಮೇಲೆ ಹನಿಗಟ್ಟಿದ ಪರಿಣಾಮವದು. ಕಾರಿನಿಂದ ಇಳಿಯುವ ಮೊದಲೇ ಅದನ್ನು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಟ್ಟರೆ ಹನಿ ಚೀಲದ ಹೊರಗೇ ಉಳಿಯುವುದು. ಆ ಪ್ರಯಾಣಿಕರು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯತಕ್ಕದ್ದು. ಲಗೇಜಿಗೆ ಹಾಕಲು ವಿಮಾನದವರು ಬಿಡರು. ಸಾಮಾನ್ಯ ಮಿತಿ 100 ವಾಟ್-ಅವರ್. 20,000 ಎಂಎಎಚ್ ಪವರ್ ಬ್ಯಾಂಕ್ ಸುಮಾರು 74 ವಾಟ್-ಅವರ್ ಆಗುವುದರಿಂದ ಅಡ್ಡಿಯಿಲ್ಲ.

ಕಾಡಿನ ದಾರಿಯಲ್ಲಿ ಸಿಗ್ನಲ್ ಕ್ಷೀಣಿಸಿದಾಗ ಮೊಬೈಲು ದೂರದ ಟವರನ್ನು ಮುಟ್ಟಲು ತನ್ನ ಪ್ರಸಾರಶಕ್ತಿಯನ್ನು ಏರಿಸುತ್ತದೆ. ಸಿಗ್ನಲ್ ಕಡಿದೇ ಹೋದರೆ ಮತ್ತೆ ಮತ್ತೆ ಹುಡುಕುತ್ತದೆ. ಬ್ಯಾಟರಿ ಬೇಗ ಬರಿದಾಗುವುದು ಇದರಿಂದಲೇ. ಆಗ ಫ್ಲೈಟ್ ಮೋಡಿನಲ್ಲಿಡುವುದು ವಿವೇಕ. ಜಿಪಿಎಸ್ ಉಪಗ್ರಹಗಳು 20,000 ಕಿಲೋಮೀಟರಿಗೂ ಎತ್ತರದಿಂದ ಕಳಿಸುವ ಸಂಕೇತವನ್ನು ಮೊಬೈಲು ಸುಮ್ಮನೆ ಗ್ರಹಿಸುವುದರಿಂದ ಅದಕ್ಕೆ ಟವರಿನ ಹಂಗಿಲ್ಲ. ನಕ್ಷೆಯನ್ನು ಮಾತ್ರ ಮನೆಯಲ್ಲೇ ಇಳಿಸಿಕೊಂಡಿರಬೇಕು.

ಯಂತ್ರ ಹೋದರೆ ಮತ್ತೊಂದನ್ನು ಕೊಳ್ಳಬಹುದು, ಅದರೊಳಗಿನದು ಕೊಂಡು ಸಿಗುವಂಥದಲ್ಲ. ಹೊರಡುವ ಹಿಂದಿನ ದಿನವೇ ಚಿತ್ರಗಳ ಪ್ರತಿಯೊಂದನ್ನು ಬೇರೆ ಕಡೆ ಉಳಿಸಿರಿ. ಪರದೆಗೆ ಬೀಗವಿದ್ದರಷ್ಟೇ ಸಾಲದು, ಸಿಮ್ಮಿಗೂ ಪಿನ್ ಹಾಕಿರಿ. ಇಲ್ಲವಾದರೆ ಕಳ್ಳನು ಸಿಮ್ಮನ್ನು ತನ್ನ ಮೊಬೈಲಿಗೆ ಹಾಕಿ ನಿಮ್ಮ ಬ್ಯಾಂಕಿನ ಒಟಿಪಿಯನ್ನು ಓದಿಯಾನು. *#06# ಎಂದು ಒತ್ತಿದರೆ ಕಾಣುವ 15 ಅಂಕೆಗಳ ಐಎಂಇಐ ಸಂಖ್ಯೆಯು, ಮೊಬೈಲು ಕಳೆದುಹೋದಾಗ ಪೊಲೀಸರಿಗೆ ದೂರು ಕೊಡಲೂ, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವ್ಯವಸ್ಥೆಯ ಮೂಲಕ ಅದನ್ನು ನಿಷ್ಕ್ರಿಯಗೊಳಿಸಲೂ ಬೇಕಾಗುವುದು. ಆ ಸಂಖ್ಯೆಯನ್ನು ಇಂದೇ ಒಂದು ಕಾಗದದಲ್ಲಿ ಬರೆದು ಮನೆಯವರ ಕೈಗೆ ಕೊಡಿರಿ.