ಸವಾಲು ಕೂಗಿ ಸುಮ್ಮನಾದವರು

ಇವತ್ತಿನ ಮಾತು ನಿಮ್ಮ ಕೈಯಲ್ಲಿರುವ ಫೋನಿನಲ್ಲೇ ನಡೆಯುವ ಒಂದು ವ್ಯಾಪಾರದ ಬಗ್ಗೆ: ಆನ್‌ಲೈನ್ ಹರಾಜು. ಅದರಲ್ಲೂ ಹರಾಜು ಗೆದ್ದು, ಹಣ ಕೊಡದೆ ಮಾಯವಾಗುವ ಕೊಳ್ಳುಗರ ಬಗ್ಗೆ.

ಕನ್ನಡ ಓದಿದವಳಾದ್ದರಿಂದ ಮೊದಲು ಒಂದೆರಡು ಪದ ಹೇಳಿಬಿಡುತ್ತೇನೆ. 'ಹರಾಜು' ಅರಬ್ಬಿ ಮೂಲದ್ದು. ಉತ್ತರ ಕರ್ನಾಟಕದವರು ಹೇಳುವ 'ಲಿಲಾವು' ಪೋರ್ಚುಗೀಸ್ ಮೂಲದ್ದು. ಕರಾವಳಿಯ ಕಡೆ 'ಏಲಂ' ಅನ್ನುತ್ತಾರೆ. ಹಳ್ಳಿಗಳಲ್ಲಿ ಬೆಲೆ ಹೇಳುವುದಕ್ಕೆ 'ಸವಾಲು ಕೂಗುವುದು' ಎನ್ನುತ್ತಾರೆ. ಗುಡಿಯ ಮುಂದೆ ತೆಂಗಿನಕಾಯಿಯನ್ನೋ ಬಾಳೆಗೊನೆಯನ್ನೋ ಸವಾಲಿಗಿಟ್ಟು "ಒಂದು ಸಲ, ಎರಡು ಸಲ, ಮೂರು ಸಲ" ಎಂದಮೇಲೆ, ಕೂಗಿದವರು ಯಾರು, ಯಾರ ಮನೆಯವರು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಹಣ ನಾಳೆ ಕೊಟ್ಟರೂ ನಡೆಯುತ್ತದೆ, ಊರೇ ಜಾಮೀನು. ಆನ್‌ಲೈನ್‌ನಲ್ಲಿ ದನಿಯೂ ಇಲ್ಲ, ಮುಖವೂ ಇಲ್ಲ. ಆದ್ದರಿಂದ ಅಲ್ಲಿ ಜಾಮೀನನ್ನು ನಿಯಮಗಳಿಂದಲೇ ಕಟ್ಟಿಕೊಳ್ಳಬೇಕು.

ಕಾನೂನು ಇದನ್ನು ಮೊದಲಿನಿಂದ ಗಂಭೀರವಾಗಿಯೇ ನೋಡಿದೆ. ಒಂಟಾರಿಯೊದ ಸರಕು ಮಾರಾಟ ಕಾಯ್ದೆಯ 56ನೇ ಕಲಂ, ಭಾರತದ 1930ರ ಕಾಯ್ದೆಯ 64ನೇ ಕಲಂ ಎರಡೂ ಹೇಳುವುದು ಒಂದೇ ಮಾತು: ಸುತ್ತಿಗೆ ಬೀಳುವವರೆಗೆ ಕೂಗನ್ನು ಹಿಂತೆಗೆದುಕೊಳ್ಳಬಹುದು, ಬಿದ್ದಮೇಲೆ ಮಾರಾಟ ಮುಗಿಯಿತು. ಇಬೇ ಕೂಡ ಗೆದ್ದವರು ಹಣ ಕೊಡಲೇಬೇಕು ಎನ್ನುತ್ತದೆ. ಆದರೆ ನೂರಿನ್ನೂರು ಡಾಲರಿಗೆ ಯಾರೂ ಕೋರ್ಟಿಗೆ ಹೋಗುವುದಿಲ್ಲ. ಹಾಗಾಗಿ ದಾರಿ ತಿಳಿದಿರಬೇಕು.

ಒಂದು ಉದಾಹರಣೆ ನೋಡೋಣ. ನಿಮ್ಮ ಬಳಿ ಒಂದು ಹಾಕಿ ಕಾರ್ಡ್ ಇದೆ. ಏಳು ದಿನದ ಹರಾಜಿಗೆ ಇಟ್ಟಿರಿ, 177.50 ಡಾಲರಿಗೆ ಹೋಯಿತು. ಎರಡು ದಿನವಾಯಿತು, ಹಣವಿಲ್ಲ, ಉತ್ತರವಿಲ್ಲ. ಈಗೇನು?

ಮೊದಲನೆಯದು, ಹಣ ಬರುವ ತನಕ ಕಾರ್ಡನ್ನು ಅಂಚೆಗೆ ಹಾಕಬೇಡಿ. "ಆಸ್ಪತ್ರೆಯಲ್ಲಿದ್ದೇನೆ, ನೀವು ಕಳಿಸಿ, ನಾಳೆ ಕೊಡುತ್ತೇನೆ" ಎಂದರೂ ಬೇಡ. "ಇ-ಟ್ರಾನ್ಸ್‌ಫರ್ ಮಾಡಿದೆ, ಇಮೇಲ್ ನೋಡಿ" ಎಂದರೆ ಇನ್ನೂ ಎಚ್ಚರವಾಗಿರಿ. ಅಂಥ ಇಮೇಲನ್ನು ಯಾರು ಬೇಕಾದರೂ ತಯಾರಿಸಬಹುದು. ಅದರಲ್ಲಿರುವ ಲಿಂಕ್ ಒತ್ತದೆ, ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು ಖಾತೆಯನ್ನೇ ನೋಡಿ. ಇಬೇಯಲ್ಲಿ ಮಾರಿದ್ದರ ಹಣ ಇಬೇ ಮೂಲಕವೇ ಬರಲಿ.

ಎರಡನೆಯದು, ಒಂದು ಮರ್ಯಾದೆಯ ಸಂದೇಶ. ಹಣ ಕೊಡದವರೆಲ್ಲ ಮೋಸಗಾರರಲ್ಲ. ಎರಡು ಮೂರು ವಸ್ತು ಗೆದ್ದು, ಅಂಚೆ ವೆಚ್ಚವನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿಕೊಡಲಿ ಎಂದು ಕಾಯುವವರಿದ್ದಾರೆ. ಕಾರ್ಡಿನ ಅವಧಿ ಮುಗಿದವರಿದ್ದಾರೆ. "ಏನಾದರೂ ತೊಂದರೆ ಇದೆಯೇ?" ಎಂದು ಕೇಳಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಮೂರನೆಯದು, ಇಬೇ ಕೊಳ್ಳುಗರಿಗೆ ಕೊಡುವ ಗಡುವು ನಾಲ್ಕು ದಿನ. ಅದು ಕಳೆದಮೇಲೆ ಮಾರಾಟವನ್ನು ರದ್ದು ಮಾಡಿ. ಇಲ್ಲಿ ಒಂದು ಸೂಕ್ಷ್ಮವಿದೆ. ಕಾರಣ ಕೇಳಿದಾಗ 'ಕೊಳ್ಳುಗರು ಹಣ ಕೊಟ್ಟಿಲ್ಲ' ಎಂಬುದನ್ನೇ ಆರಿಸಿ. ಆಗ ಮಾರಾಟದ ಶುಲ್ಕ ನಿಮಗೆ ವಾಪಸ್ ಜಮೆಯಾಗುತ್ತದೆ, ಅವರ ಖಾತೆಯಲ್ಲಿ ಗುರುತು ಬೀಳುತ್ತದೆ. ಸುಮ್ಮನೆ 'ಸರಕು ಇಲ್ಲ' ಎಂದು ಒತ್ತಿದರೆ ತಪ್ಪು ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ಆಮೇಲೆ ಆ ಕೊಳ್ಳುಗರನ್ನು ಬ್ಲಾಕ್ ಮಾಡಿ. ಹಿಂದೆ ಹೀಗೆ ಹಣ ಕೊಡದೆ ಬಿಟ್ಟವರು ನಿಮ್ಮ ವಸ್ತುಗಳಿಗೆ ಕೂಗದಂತೆ ಸೆಟ್ಟಿಂಗ್ಸ್‌ನಲ್ಲೇ ತಡೆಯಬಹುದು.

ಬೈದು ಬರೆಯುವ ಆಸೆ ಬರುತ್ತದೆ. ಅದರಿಂದ ಲಾಭವಿಲ್ಲ. 1995ರಲ್ಲಿ ಶುರುವಾದ ಇಬೇಗೆ ಮರುವರ್ಷವೇ 'ಫೀಡ್‌ಬ್ಯಾಕ್' ಬಂತು, ಅಪರಿಚಿತರ ನಡುವೆ ಊರಿನ ಬಾಯಿಮಾತು ಇದ್ದಂತೆ. ಆದರೆ 2008ರಿಂದ ಮಾರುವವರು ಕೊಳ್ಳುವವರಿಗೆ ಕೆಟ್ಟ ಅಂಕ ಕೊಡುವಂತಿಲ್ಲ. ಹಾಗಾಗಿ ಕೋಪಕ್ಕಿಂತ ಆ ರದ್ದತಿಯ ಗುಂಡಿಯೇ ಹೆಚ್ಚು ಕೆಲಸ ಮಾಡುತ್ತದೆ.

ಕಾರ್ಡ್ ಇನ್ನೂ ನಿಮ್ಮ ಬಳಿಯೇ ಇದೆ. ಎರಡನೆಯವರಿಗೆ 'ಸೆಕೆಂಡ್ ಚಾನ್ಸ್ ಆಫರ್' ಕಳಿಸಬಹುದು, ಅವರು ಕೂಗಿದ್ದ ಗರಿಷ್ಠ ಬೆಲೆಗೆ. ಆದರೆ ಒಂದು ಲೆಕ್ಕ ನೋಡಿ. ಎರಡನೆಯವರು 175 ಕೂಗಿದ್ದರು, ಮೂರನೆಯವರು 90. ಹಣ ಕೊಡದವರು ಹರಾಜಿನಲ್ಲೇ ಇರದಿದ್ದರೆ, ಎರಡನೆಯವರಿಗೆ ಆ ಕಾರ್ಡ್ ಸುಮಾರು 91 ಡಾಲರಿಗೆ ಸಿಗುತ್ತಿತ್ತು! ಬೆಲೆ ಏರಿಸಿದ್ದೇ ಸುಳ್ಳು ಕೂಗು. ಆದ್ದರಿಂದ ಅವರು ಬೇಡ ಎಂದರೆ ಬೇಸರ ಮಾಡಿಕೊಳ್ಳಬೇಡಿ, ಅದು ಅವರ ನ್ಯಾಯ. ಆಗ ಹರಾಜು ಬಿಟ್ಟು, 'ತಕ್ಷಣ ಪಾವತಿ' ಕಡ್ಡಾಯ ಮಾಡಿ, ನಿಗದಿ ಬೆಲೆಗೆ ಇಡಿ. ಹಣ ಕೊಟ್ಟಮೇಲೆಯೇ ವಸ್ತು ಅವರದಾಗುತ್ತದೆ.

ದೊಡ್ಡವರ ಹರಾಜಿನಲ್ಲೂ ಪಾಠ ಇದೇ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ನಿವೇಶನಗಳನ್ನು ಇ-ಹರಾಜು ಹಾಕುವಾಗ, ಕೂಗುವ ಮೊದಲೇ ಮುಂಗಡ ಠೇವಣಿ ಕಟ್ಟಬೇಕು. ಗೆದ್ದು ಹಿಂದೆ ಸರಿದರೆ ಠೇವಣಿ ಹೋಯಿತು. ಠೇವಣಿ ಚಿಕ್ಕದಾದರೆ ಏನಾಗುತ್ತದೆ? 2025ರ ನವೆಂಬರಿನಲ್ಲಿ ಹರಿಯಾಣದಲ್ಲಿ 'ಎಚ್‌ಆರ್ 88 ಬಿ 8888' ಎಂಬ ವಾಹನ ಸಂಖ್ಯೆ ಆನ್‌ಲೈನ್ ಹರಾಜಿನಲ್ಲಿ 1.17 ಕೋಟಿ ರೂಪಾಯಿಗೆ ಹೋಯಿತು. ಮೂಲ ಬೆಲೆ 50,000. ಗೆದ್ದವರು ಗಡುವಿನೊಳಗೆ ಹಣ ಕಟ್ಟಲಿಲ್ಲ. ಅವರು ಕಳೆದುಕೊಂಡದ್ದು ಸುಮಾರು 11,000 ರೂಪಾಯಿ ಮಾತ್ರ. ಕೂಗು ಅಗ್ಗವಾದಲ್ಲಿ ಬೆಲೆಗೆ ಅರ್ಥವೇ ಇರುವುದಿಲ್ಲ.

ಕೊನೆಗೆ, ಕೊಳ್ಳುವವರಾಗಿ ನೀವು. ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಮಲಗಿ "ನೋಡೋಣ" ಎಂದು ಒತ್ತಿದ ಬಿಡ್ ಕೂಡ ಮಾತು ಕೊಟ್ಟ ಹಾಗೆಯೇ. 18ರ ಬದಲು 180 ಎಂದು ತಪ್ಪಾಗಿ ಹೊಡೆದಿದ್ದರೆ ಕೂಡಲೇ ಹಿಂತೆಗೆದುಕೊಂಡು, ಸರಿಯಾದ ಮೊತ್ತ ಹಾಕಿ. ಮನಸ್ಸು ಬದಲಾಯಿತು ಎಂಬುದು ಕಾರಣವಲ್ಲ. ನಿಜವಾಗಿಯೂ ಹಣವಿಲ್ಲದಿದ್ದರೆ ಬಚ್ಚಿಟ್ಟುಕೊಳ್ಳದೆ ಮಾರುವವರಿಗೆ ಬರೆದು ಹೇಳಿ. ಹದಿನೆಂಟು ತುಂಬದವರು ಸ್ವಂತ ಖಾತೆ ತೆರೆಯುವಂತಿಲ್ಲ, ಅಪ್ಪ ಅಮ್ಮನ ಖಾತೆಯನ್ನು ಅವರ ಒಪ್ಪಿಗೆಯಿಂದ ಬಳಸಬೇಕು. ಅಂದರೆ ನೀವು ಕೂಗಿ ಸುಮ್ಮನಾದರೆ ಗುರುತು ಬೀಳುವುದು ಅವರ ಹೆಸರಿಗೆ.

ನಮ್ಮ ಹಿರಿಯರು ಒಳ್ಳೆಯ ಮನುಷ್ಯನನ್ನು 'ಮಾತಿನ ಮನುಷ್ಯ' ಎನ್ನುತ್ತಿದ್ದರು, ಹೇಳಿದಂತೆ ನಡೆಯುವವನು ಎಂಬ ಅರ್ಥದಲ್ಲಿ. ಆ ಹೆಸರು ಉಳಿಸಿಕೊಳ್ಳಲು ಊರಿನಲ್ಲೇ ಇರಬೇಕೆಂದೇನಿಲ್ಲ.